ಬರೆದ ದರ ಉಳಿಯಲಿಲ್ಲ: ಎಸ್‌ಕ್ಯೂಎಲ್‌ಆಲ್ಕೆಮಿ 2.0ಕ್ಕೆ ಬದಲಾದಾಗ

ಕಾಸರಗೋಡು ಜಿಲ್ಲೆಯ ಒಂದು ಸಹಕಾರಿ ಸಂಘದ ಅಡಿಕೆ ಖರೀದಿ ಕೇಂದ್ರಗಳ ಬಿಲ್ಲಿಂಗ್ ತಂತ್ರಾಂಶವನ್ನು ನಾವು ಮೂವರು ನೋಡಿಕೊಳ್ಳುತ್ತೇವೆ. ಪ್ರೋಗ್ರಾಂ ಪೈಥಾನ್‌ನಲ್ಲಿದೆ, ದತ್ತಾಂಶ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದೆ, ಇವೆರಡರ ನಡುವೆ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಪೈಥಾನ್ ಲೈಬ್ರರಿ ಕೆಲಸ ಮಾಡುತ್ತದೆ. ಇದರ 1.4ನೇ ಆವೃತ್ತಿಯಿಂದ 2.0ಕ್ಕೆ ಹೋದಾಗ ನಮಗಾದ ಅನುಭವವನ್ನು, ಅದೇ ದಾರಿ ಹಿಡಿಯುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

2021ರ ಮಾರ್ಚ್‌ನಲ್ಲಿ ಬಂದ 1.4, 2023ರ ಜನವರಿಯಲ್ಲಿ ಬಂದ 2.0ಕ್ಕೆ ಸೇತುವೆಯಂತಿತ್ತು. ಪರಿಸರ ಚರವೊಂದನ್ನು (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಹಾಕಿ ಪರೀಕ್ಷೆಗಳನ್ನು ಓಡಿಸಿದರೆ, ಮುಂದೆ ತೆಗೆದುಹಾಕಲಿರುವ ಪ್ರತಿಯೊಂದು ಬಳಕೆಯ ಬಗ್ಗೆಯೂ ಅದು ಎಚ್ಚರಿಕೆ ಕೊಡುತ್ತಿತ್ತು. ನಾವು ಹಾಗೆಯೇ ಮಾಡಿದೆವು. ಡೇಟಾಬೇಸ್‌ಗೆ ಕನೆಕ್ಷನ್ ಒದಗಿಸುವ ಎಂಜಿನ್ ಮೇಲೆ ನೇರವಾಗಿ ಎಕ್ಸಿಕ್ಯೂಟ್ ಕರೆಯುವಂತಿಲ್ಲ, ಎಸ್‌ಕ್ಯೂಎಲ್ ಹೇಳಿಕೆಯನ್ನು ಬರಿಯ ಸ್ಟ್ರಿಂಗ್ ಆಗಿ ಕೊಡದೆ ಟೆಕ್ಸ್ಟ್ ಎಂಬ ಫಂಕ್ಷನ್‌ನಲ್ಲಿ ಹಾಕಿ ಕೊಡಬೇಕು, ಸಂಬಂಧಿತ ಸಾಲುಗಳನ್ನೂ ಒಟ್ಟಿಗೆ ತರುವ ಜಾಯಿನ್ಡ್‌ಲೋಡ್‌ಗೆ ಸಂಬಂಧದ ಹೆಸರನ್ನು ಸ್ಟ್ರಿಂಗ್ ಆಗಿ ಬರೆಯುವಂತಿಲ್ಲ. ಇಂಥವನ್ನು ತಿದ್ದಲು ಸಮಯ ಹಿಡಿಯಿತಾದರೂ ಆತಂಕವಾಗಲಿಲ್ಲ. ತಪ್ಪಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ಸಾಲಿನ ಸಂಖ್ಯೆಯನ್ನೂ ತೋರಿಸುತ್ತದೆ.

ಹೊಸ ಆವೃತ್ತಿಯನ್ನು ಹಾಕಿದ ಮರುದಿನ ಬೆಳಗ್ಗೆ ಒಂದು ಕೇಂದ್ರದ ಹಿರಿಯ ಗುಮಾಸ್ತರು ಫೋನ್ ಮಾಡಿದರು. "ಬೋರ್ಡಿನಲ್ಲಿ ಬರೆದ ದರ ಒಂದು, ಕಂಪ್ಯೂಟರಿನಲ್ಲಿ ನಿನ್ನೆಯದ್ದೇ ಉಂಟು. ಒಮ್ಮೆ ನೋಡಿ ಮಾರಾಯ್ರೇ, ಇಲ್ಲಿ ಚೀಲ ತೂಕಕ್ಕೆ ಇಟ್ಟಾಗಿದೆ" ಎಂದರು. ಅಷ್ಟರಲ್ಲಿ ಮೂವರು ಕೃಷಿಕರಿಗೆ ಹಳೆಯ ದರದಲ್ಲಿ ಬಿಲ್ ಆಗಿತ್ತು. ವ್ಯತ್ಯಾಸದ ಹಣವನ್ನು ಸಂಘದವರು ಅದೇ ದಿನ ಅವರ ಖಾತೆಗೆ ಹಾಕಿದರು. ಆದರೂ ವರ್ಷವಿಡೀ ಕಾದು, ಒಣಗಿಸಿ, ಸುಲಿದು ತಂದ ಅಡಿಕೆಗೆ ನಮ್ಮಿಂದಾಗಿ ಕಡಿಮೆ ಬೆಲೆ ಬಿತ್ತೆಂಬುದು ನನ್ನನ್ನು ಬಹಳ ನೋಯಿಸಿತು.

ಮರುದಿನದ ದರವನ್ನು ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕರಿಗೋಟು ಎಂಬ ಅಡಿಕೆಯ ಐದು ದರ್ಜೆಗಳಿಗೆ ಐದು ಸಾಲುಗಳಲ್ಲಿ ದರಪಟ್ಟಿಗೆ ಸೇರಿಸುವ ಸಣ್ಣ ಸ್ಕ್ರಿಪ್ಟ್ ಒಂದು ಪ್ರತಿ ರಾತ್ರಿ ತಾನಾಗಿ ಓಡುತ್ತದೆ. ಅದರ ಲಾಗ್ ತೆರೆದರೆ "5 ಸಾಲು ಸೇರಿಸಲಾಗಿದೆ" ಎಂದೇ ಇತ್ತು, ಪಟ್ಟಿಯಲ್ಲಿ ಮಾತ್ರ ಒಂದೂ ಇರಲಿಲ್ಲ. ಯಾರಾದರೂ ಅಳಿಸಿದರೋ ಎಂದು ಮೊದಲು ಸಂಶಯಪಟ್ಟೆವು. ಆ ದಿನದ ದರವನ್ನು ಕೈಯಿಂದ ಸೇರಿಸಿದಾಗ ಹೊಸ ಸಾಲಿನ ಕ್ರಮಸಂಖ್ಯೆ ಹಿಂದಿನದಕ್ಕಿಂತ ಒಂದಲ್ಲ, ಆರು ಹೆಚ್ಚಾಗಿ ಬಂತು. ಪೋಸ್ಟ್‌ಗ್ರೆಸ್‌ನಲ್ಲಿ ವ್ಯವಹಾರವೊಂದು (ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಬದಲಾವಣೆಗಳ ಗುಂಪು) ರದ್ದಾದರೂ ಅದು ಪಡೆದುಕೊಂಡ ಕ್ರಮಸಂಖ್ಯೆಗಳು ಮರಳಿ ಬರುವುದಿಲ್ಲ. ಐದು ಸಾಲುಗಳನ್ನು ನಿಜಕ್ಕೂ ಬರೆಯಲಾಗಿತ್ತು, ಬಳಿಕ ರೋಲ್‌ಬ್ಯಾಕ್ ಆಗಿ, ಅಂದರೆ ರದ್ದಾಗಿ ಹೋಗಿತ್ತು ಎಂಬುದು ಆಗ ಹೊಳೆಯಿತು.

1.4ರವರೆಗೆ ಈ ಲೈಬ್ರರಿ, ನಾವು ಕಳಿಸಿದ ಹೇಳಿಕೆ ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಮೊದಲಾದ ಬರೆಯುವ ಜಾತಿಯದೆಂದು ಕಂಡರೆ, ಬೇರೆ ವ್ಯವಹಾರ ತೆರೆದಿರದಿದ್ದಲ್ಲಿ, ಕೇಳದೆಯೇ ತಾನಾಗಿ ಕಮಿಟ್ ಮಾಡುತ್ತಿತ್ತು, ಅಂದರೆ ಬರೆದದ್ದನ್ನು ಶಾಶ್ವತವಾಗಿ ಉಳಿಸುತ್ತಿತ್ತು. 2.0ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಕಮಿಟ್ ಎಂದು ನಾವೇ ಹೇಳದಿದ್ದರೆ, ಕನೆಕ್ಷನ್ ಮುಚ್ಚುವಾಗ ಬರೆದದ್ದೆಲ್ಲವೂ ಹಿಂದಕ್ಕೆ ಹೋಗುತ್ತದೆ. ತೆಗೆದದ್ದು ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹೇಳಿಕೆಯ ಮೊದಲ ಪದವನ್ನು ನೋಡಿ ಊಹಿಸುವ ಆ ಕ್ರಮಕ್ಕೆ, ಸೆಲೆಕ್ಟ್ ಎಂದು ಶುರುವಾಗಿ ಒಳಗೆ ಬರೆಯುವ ಫಂಕ್ಷನ್ ಒಂದನ್ನು ಕರೆದರೆ ಅದು ತಿಳಿಯುತ್ತಿರಲಿಲ್ಲ. ಆದರೆ ನಮ್ಮ ಸ್ಕ್ರಿಪ್ಟ್ ವರ್ಷಗಟ್ಟಲೆ ಆ ಊಹೆಯನ್ನೇ ನಂಬಿಕೊಂಡು ನಡೆದಿತ್ತು. ಸಿಂಟ್ಯಾಕ್ಸ್ ಎರಡೂ ಆವೃತ್ತಿಗಳಲ್ಲಿ ಸರಿಯಾಗಿಯೇ ಇದ್ದುದರಿಂದ ಯಾವ ದೋಷವೂ ಕಾಣಿಸಲಿಲ್ಲ.

ಪರೀಕ್ಷೆಯಲ್ಲಿ ಏಕೆ ಸಿಗಲಿಲ್ಲವೆಂದು ಹುಡುಕಿದಾಗ, ಆ ಸ್ಕ್ರಿಪ್ಟಿನದೆಂದು ನಾವು ತಿಳಿದಿದ್ದ ಪರೀಕ್ಷೆ ಅದನ್ನು ಓಡಿಸುತ್ತಲೇ ಇರಲಿಲ್ಲವೆಂದು ಗೊತ್ತಾಯಿತು. ಅದರ ಹೇಳಿಕೆಗಳ ನಕಲನ್ನು ಸ್ಪಷ್ಟವಾಗಿ ತೆರೆದ ವ್ಯವಹಾರವೊಂದರೊಳಗೆ ಓಡಿಸಿ, ಅದೇ ಕನೆಕ್ಷನ್‌ನಲ್ಲಿ ಓದಿ ನೋಡುತ್ತಿತ್ತು. ಕಮಿಟ್ ಆಗದಿದ್ದರೂ ಬರೆದ ಕನೆಕ್ಷನ್ನಿಗೆ ತನ್ನ ಬರಹ ಕಾಣಿಸುತ್ತದೆ, ಹೊರಗಿನವರಿಗೆ ಕಾಣಿಸುವುದಿಲ್ಲ. ವ್ಯವಹಾರ ತೆರೆದಿದ್ದರಿಂದ 1.4ರ ಎಚ್ಚರಿಕೆಗೂ ಅಲ್ಲಿ ಅವಕಾಶವಿರಲಿಲ್ಲ. ನಿಜವಾದ ಸ್ಕ್ರಿಪ್ಟನ್ನು ಆ ಪರಿಸರ ಚರದೊಂದಿಗೆ ಒಂದೇ ಒಂದು ಸಲ ಓಡಿಸಿದ್ದರೆ, ತಾನಾಗಿ ಕಮಿಟ್ ಆಗುತ್ತಿದೆಯೆಂಬ ಸಾಲು ಕಣ್ಣಿಗೆ ಬೀಳುತ್ತಿತ್ತು. ರಾತ್ರಿ ಓಡುವ ಸ್ಕ್ರಿಪ್ಟುಗಳನ್ನು ನಾವು ಮುಖ್ಯ ಪ್ರೋಗ್ರಾಂನ ಭಾಗವೆಂದು ಎಣಿಸಿರಲೇ ಇಲ್ಲ.

ಇದಾದ ಮೇಲೆ ಸದ್ದಿಲ್ಲದ ಬದಲಾವಣೆಗಳನ್ನೇ ಹುಡುಕುತ್ತಾ ಕುಳಿತೆವು. ಇನ್ನೊಂದು ಸಿಕ್ಕಿತು. ಉಳಿಸಬೇಕಾದ ವಸ್ತುಗಳನ್ನು ಲೈಬ್ರರಿ ಹಿಡಿದಿಟ್ಟುಕೊಳ್ಳುವ ಸೆಷನ್‌ನಲ್ಲಿರುವ ರಶೀದಿಗೆ ಹೊಸ ಚೀಲದ ವಿವರವನ್ನು, ವಿವರದ ಕಡೆಯಿಂದ ರಶೀದಿಯನ್ನು ಸೂಚಿಸಿ ಜೋಡಿಸಿದರೆ, ಹಿಂದೆ ಆ ವಿವರವೂ ತಾನಾಗಿ ಸೆಷನ್‌ಗೆ ಸೇರುತ್ತಿತ್ತು, 2.0ರಲ್ಲಿ ಸೇರುವುದಿಲ್ಲ. ಆಡ್ ಎಂದು ಬರೆಯದಿದ್ದರೆ ರಶೀದಿ ಉಳಿದು ಚೀಲ ಕಾಣೆಯಾಗುತ್ತದೆ, ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲಷ್ಟೇ ಉಳಿಯುತ್ತದೆ. ವಿರಳವಾಗಿ ಬಳಸುವ ಒಂದು ಪುಟದಲ್ಲಿ ಹಾಗೆ ಬರೆದಿದ್ದೆವು. ಯಾರಿಗೂ ತೊಂದರೆಯಾಗುವ ಮೊದಲೇ ತಿದ್ದಿದೆವು.

ಈಗ ಬರೆಯುವ ಕಡೆಗಳಲ್ಲೆಲ್ಲ ಕನೆಕ್ಟ್ ಬದಲು ಬಿಗಿನ್ ಬಳಸುತ್ತೇವೆ. ಬ್ಲಾಕ್ ದೋಷವಿಲ್ಲದೆ ಮುಗಿದರೆ ಕಮಿಟ್, ಇಲ್ಲವಾದರೆ ರೋಲ್‌ಬ್ಯಾಕ್. ಪರೀಕ್ಷೆಗಳು ಸ್ಕ್ರಿಪ್ಟನ್ನೇ ಓಡಿಸಿ ಬೇರೆ ಕನೆಕ್ಷನ್ ತೆರೆದು ಓದುತ್ತವೆ. ರಾತ್ರಿಯ ಸ್ಕ್ರಿಪ್ಟ್ ಕೂಡ ಕಮಿಟ್ ಆದ ಬಳಿಕ ಹೊಸ ಕನೆಕ್ಷನ್‌ನಲ್ಲಿ ಐದೂ ದರಗಳನ್ನು ಓದಿ, ಓದಿದ್ದನ್ನೇ ಲಾಗ್‌ನಲ್ಲಿ ಬರೆಯುತ್ತದೆ. ದತ್ತಾಂಶ ಓದಲು ಬಳಸುವ ಹಳೆಯ ಕ್ವೆರಿ ಶೈಲಿ 2.0ರಲ್ಲೂ ನಡೆಯುವುದರಿಂದ ಅದನ್ನು ಒಮ್ಮೆಗೇ ಬದಲಿಸಲು ಹೋಗಲಿಲ್ಲ. ಅಡಿಕೆ ಸೀಸನ್ ಮುಗಿದ ಬಳಿಕ, ಮಳೆಗಾಲದಲ್ಲಿ ಒಂದೊಂದೇ ಕಡತವನ್ನು ಎತ್ತಿಕೊಳ್ಳುವುದೆಂದು ನಿರ್ಧರಿಸಿದ್ದೇವೆ.