ಸೀತಾಳೆಗೆ ಯಾವ ಮಣ್ಣು ಹಾಕ್ತೀರಿ?

ನಮ್ಮನೆ ಜಗಲಿಯ ಮುಂದೆ ತೂಗುವ ಸೀತಾಳೆ ಎಂಬ ಆರ್ಕಿಡ್‌ನ ಹೂದಂಡೆ ಕಂಡ ಕೂಡಲೇ ಬಂದವರೆಲ್ಲ ಕೇಳುವುದು ಇದನ್ನೇ. ಮಣ್ಣೇ ಹಾಕುವುದಿಲ್ಲ ಅಂದರೆ ನಂಬುವುದಿಲ್ಲ. "ಹಾಗಾದ್ರೆ ಬಂದಳಿಕೆ ತರಹ ಮರದ ರಸ ಕುಡಿಯುತ್ತಾ?" ಅನ್ನುತ್ತಾರೆ. ಅದೂ ಇಲ್ಲ.

ಬಂದಳಿಕೆ ತನ್ನ ಬೇರನ್ನು ಕೊಂಬೆಯೊಳಗೇ ಇಳಿಸುತ್ತದೆ. ಸೀತಾಳೆ ತೊಗಟೆಯ ಮೇಲೆ ಅಂಟಿಕೊಂಡಿರುತ್ತದೆ, ಅಷ್ಟೆ. ಮರ ಅದಕ್ಕೆ ಕೂರುವ ಜಾಗ. ಮಳೆನೀರು, ಇಬ್ಬನಿ, ತೊಗಟೆಯ ಸಂದಿಯಲ್ಲಿ ಕೊಳೆತ ಎಲೆಪುಡಿ ಇದ್ದರೆ ಅದರ ಹೊಟ್ಟೆ ತುಂಬಿತು.

ಗುಟ್ಟೆಲ್ಲ ಬೇರಿನಲ್ಲಿದೆ. ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ, ಒಣಗಿದಾಗ ಬೆಳ್ಳಿ ಬಣ್ಣ. ಒಮ್ಮೆ ನೀರು ಚಿಮುಕಿಸಿ ಹತ್ತಿರದಿಂದ ನೋಡಿ. ಕಣ್ಣೆದುರೇ ಬೆಳ್ಳಿ ಬಣ್ಣ ಹೋಗಿ ಹಸಿರಾಗುತ್ತದೆ. ಬೇರಿನ ಸುತ್ತ ಸತ್ತ ಜೀವಕೋಶಗಳ ಸ್ಪಂಜಿನಂಥ ಹೊದಿಕೆ ಇದೆ, ಅದಕ್ಕೆ ವೆಲಾಮೆನ್ ಅಂತ ಹೆಸರು. ನೀರು ಬಿದ್ದ ಕೂಡಲೇ ಹೀರಿಕೊಳ್ಳುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ಹೀಗೆ ನೆನೆದು ಒಣಗುವುದೇ ಅದರ ಬದುಕು. ಮಣ್ಣಿನಲ್ಲಿ ಹೂತರೆ ಒಣಗುವುದೆಲ್ಲಿಂದ ಬಂತು?

ನನ್ನ ಮೊದಲ ಗಿಡ ಸತ್ತದ್ದೂ ಹಾಗೇ. ಪ್ಲಾಸ್ಟಿಕ್ ಪಾಟಿಗೆ ತೆಂಗಿನ ನಾರು ಗಿಡಿದು ದಿನಾ ನೀರು ಹಾಕಿದೆ. ಎಲೆ ಸುಕ್ಕಾಯಿತು. ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ಹಾಕಿದೆ. ಕೊನೆಗೆ ಬೇರು ಹಿಡಿದರೆ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ನೂಲಿನಂಥ ಎಳೆ ಮಾತ್ರ ಉಳಿದಿತ್ತು. ಕೊಳೆತ ಬೇರು ನೀರು ಎಳೆಯಲಾರದು. ಅದಕ್ಕೇ ನೀರಿನ ಮಧ್ಯೆಯೇ ಎಲೆ ಒಣಗಿತ್ತು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಈಗ ಮರದ ಪಟ್ಟಿಗಳ ಬುಟ್ಟಿಯಲ್ಲಿ ನಾಲ್ಕೈದು ದೊಡ್ಡ ಇದ್ದಿಲ ತುಂಡು ಇಟ್ಟು ಗಿಡ ಕೂರಿಸುತ್ತೇನೆ. ಬೇರು ಹೊರಗೆ ಜೋತಾಡಲಿ, ಒಳಗೆ ತುರುಕಬೇಡಿ. ಒರಟು ತೊಗಟೆಯ ಮರವಿದ್ದರೆ ಇನ್ನೂ ಒಳ್ಳೆಯದು. ಹತ್ತಿ ದಾರದಲ್ಲಿ ಕಟ್ಟಿಬಿಡಿ, ಬೇರು ಕಚ್ಚಿಕೊಳ್ಳುವ ಹೊತ್ತಿಗೆ ದಾರ ತಾನೇ ಉದುರುತ್ತದೆ. ನೀರು ಬೆಳಿಗ್ಗೆ ಹಾಕಿ, ಸಂಜೆಯೊಳಗೆ ಬೇರು ಮತ್ತೆ ಬೆಳ್ಳಿಯಾಗಬೇಕು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲಬಾರದು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ. ಗೊಬ್ಬರ ಪೊಟ್ಟಣದಲ್ಲಿ ಬರೆದ ಅಳತೆಯ ಕಾಲು ಭಾಗ ಸಾಕು, ಅದೂ ಹೊಸ ಎಲೆ ಬರುವಾಗ.

ಹೂ ಬಿಡದಿದ್ದರೆ ನಾನು ಮೊದಲು ನೋಡುವುದು ಬೆಳಕು. ಎಲೆ ಕಡುಹಸಿರಾಗಿ ಮೆತ್ತಗಿದ್ದರೆ ನೆರಳು ಜಾಸ್ತಿಯಾಗಿದೆ. ಬೆಳಗಿನ ಎಳೆಬಿಸಿಲು ಬೀಳಲಿ, ಮಧ್ಯಾಹ್ನದ್ದು ಎಲೆಗಳ ನಡುವೆ ಸೋಸಿ ಬರಲಿ. ಬೆಳೆದ ಗಿಡವಾದರೆ ಮಳೆಗಾಲ ಹಿಡಿಯುವ ಹೊತ್ತಿಗೆ ಅಡಿಯುದ್ದಕ್ಕೂ ಮೀರಿದ ದಂಡೆ ಇಳಿಯುತ್ತದೆ. ಬಿಳಿ ಹೂ, ಮೇಲೆ ನೇರಳೆ ಚುಕ್ಕಿ, ಒಂದೇ ದಂಡೆಯಲ್ಲಿ ನೂರಕ್ಕೂ ಹೆಚ್ಚು. ಅಸ್ಸಾಮಿನ ರಾಜ್ಯಹೂವೂ ಇದೇ. ಅಲ್ಲಿ ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳು ತುರುಬಿಗೆ ಮುಡಿಯುತ್ತಾರೆ.

ಒಂದು ಕೋರಿಕೆ. ಕಾಡಿನ ಮರದಿಂದ ಕಿತ್ತು ತರಬೇಡಿ. ಇದರ ಬೀಜ ದೂಳಿನಷ್ಟು ಸಣ್ಣದು, ಒಳಗೆ ಮೊಳಕೆಗೆ ಬೇಕಾದ ಆಹಾರವೇ ಇಲ್ಲ. ತಕ್ಕ ಶಿಲೀಂಧ್ರ ಜೊತೆಯಾದರೆ ಮಾತ್ರ ಕಾಡಿನಲ್ಲಿ ಮೊಳೆಯುತ್ತದೆ. ಕಿತ್ತ ಜಾಗ ಮತ್ತೆ ತುಂಬಲು ವರ್ಷಗಟ್ಟಲೆ ಬೇಕು. ನರ್ಸರಿಯಲ್ಲಿ ಬೆಳೆಸಿದ ಸಸಿಯನ್ನೇ ಕೇಳಿ ತನ್ನಿ.

ತಂದ ವರ್ಷ ಹೂ ಬರದಿದ್ದರೆ ಗಿಡ ಕದಲಿಸಬೇಡಿ. ಬೇರಿನ ತುದಿ ನೋಡಿ. ಅಲ್ಲಿ ಹೊಳೆಯುವ ಎಳೆ ಹಸಿರು ಮೂಡಿದ್ದರೆ ಗಿಡಕ್ಕೆ ಆ ಜಾಗ ಒಗ್ಗಿದೆ.