ಯೋಗ ಮಾಡಿಯೂ ಮಂಡಿನೋವು ಬಂತಲ್ಲಾ?

ಹಾಲಿನ ಬೂತಿನ ಮುಂದೆ, ಮದುವೆಮನೆಯ ಪಂಕ್ತಿಯಲ್ಲಿ, ಒಮ್ಮೆ ತೀರ್ಥಹಳ್ಳಿ ಬಸ್ಸಿನಲ್ಲೂ ನನಗೆ ಈ ಪ್ರಶ್ನೆ ಬಂದಿದೆ. "ಮೂವತ್ತು ವರ್ಷದಿಂದ ಯೋಗ ಮಾಡ್ತೀರಲ್ಲ, ಆದ್ರೂ ಮಂಡಿನೋವು ಬಂತಲ್ಲಾ? ಮತ್ಯಾಕೆ ಮಾಡೋದು?" ಕೇಳುವವರ ದನಿಯಲ್ಲಿ ಕನಿಕರ ಸ್ವಲ್ಪ, ಖುಷಿ ಸ್ವಲ್ಪ. ತಾವು ಏಳೂವರೆವರೆಗೆ ಮಲಗಿದ್ದೇ ಸರಿ ಅನ್ನುವ ಸಮಾಧಾನವೂ ಇರಬಹುದು.

ಹೌದು, ಬಂತು. ಬಿಪಿ ಮಾತ್ರೆಯೂ ನುಂಗುತ್ತೇನೆ. ಯೋಗ ಮಾಡಿದರೆ ಮಾತ್ರೆ ಬಿಡಬಹುದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ, ಡಾಕ್ಟರನ್ನು ಕೇಳಿ.

ಮಂಡಿಯ ಕಥೆ ಹೇಳಿಬಿಡುತ್ತೇನೆ. 2015ರ ಜೂನ್ 21, ಮೊದಲ ಅಂತರರಾಷ್ಟ್ರೀಯ ಯೋಗ ದಿನ. ನಮ್ಮ ಗುಂಪಿಗೂ ಒಂದು ವೇದಿಕೆ ಸಿಕ್ಕಿತ್ತು. ನನಗೆ ಆಗ 48. ಎಡಮಂಡಿ ಹದಿನೈದು ದಿನದಿಂದ ಕಟಕಟ ಅನ್ನುತ್ತಿತ್ತು. ಆದರೆ ಮುಂದಿನ ಸಾಲಿನಲ್ಲಿ ನಾನು, ಎದುರಿಗೆ ಮೊಬೈಲ್ ಹಿಡಿದ ಜನ. ಕಾಲು ಎಳೆದು ಪದ್ಮಾಸನ ಹಾಕಿ ಕೂತೆ. ಕಾರ್ಯಕ್ರಮ ಮುಗಿದ ಮೇಲೆ ಇಬ್ಬರು ಕೈಹಿಡಿದು ಇಳಿಸಿದರು.

ಪದ್ಮಾಸನದಲ್ಲಿ ತಿರುಗಬೇಕಾದ್ದು ಸೊಂಟದ ಕೀಲು. ಮಂಡಿ ಬಾಗಿಲ ಬಿಜಾಗರಿಯ ಹಾಗೆ. ಮಡಚುತ್ತದೆ, ಬಿಚ್ಚುತ್ತದೆ, ತಿರುಚಿದರೆ ತಡೆಯುವುದಿಲ್ಲ. ಸೊಂಟ ಬಿಗಿಯಾಗಿರುವಾಗ ಪಾದವನ್ನು ತೊಡೆಯ ಮೇಲೆ ಎಳೆದಿಟ್ಟರೆ ಆ ತಿರುಚೆಲ್ಲ ಮಂಡಿಗೇ ಬೀಳುತ್ತದೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದೆ!

ಪತಂಜಲಿಯ ಯೋಗಸೂತ್ರದಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ. ಅಭ್ಯಾಸದ ಬಗ್ಗೆ ಇನ್ನೊಂದು ಮಾತಿದೆ: ದೀರ್ಘಕಾಲ, ಎಡೆಬಿಡದೆ, ಸತ್ಕಾರದಿಂದ ಮಾಡಿದರೆ ಅದು ಗಟ್ಟಿಯಾಗುತ್ತದೆ ಅಂತ. ಮೊದಲೆರಡನ್ನು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೆ. ಮೂರನೆಯದರ ಕಡೆ ಕಣ್ಣು ಹೋದದ್ದು ಮಂಡಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ. ಮನೆಗೆ ಬಂದ ನೆಂಟರಿಗೆ ಸತ್ಕಾರ ಮಾಡುತ್ತೇವೆ, ಅವರ ಕಾಲು ತಿರುಚುವುದಿಲ್ಲ, ಅಲ್ವಾ?

ಹಾಗಾದರೆ ಯೋಗದಿಂದ ಏನು ಸಿಕ್ಕಿತು? ಇದಕ್ಕೆ ನಾನು ನಮ್ಮ ಅತ್ತೆಯ ಕಥೆ ಹೇಳುತ್ತೇನೆ.

2004ರಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ಮೂರು ವರ್ಷ ಹಾಸಿಗೆ. ಅಲ್ಲಿಯವರೆಗೆ ನನ್ನದು ಬೆಳಿಗ್ಗೆ ಐದರಿಂದ ಆರು, ಗಡಿಯಾರದ ಹಾಗೆ. ಆಮೇಲೆ ಐದಕ್ಕೆ ಬಟ್ಟೆ ಬದಲಿಸಬೇಕು, ಗಂಜಿ ಕಾಯಿಸಬೇಕು, ಮಗಳ ಡಬ್ಬಿ ಕಟ್ಟಬೇಕು. ಸೂರ್ಯ ನಮಸ್ಕಾರ ಎಲ್ಲಿಂದ? ಮೊದಲ ಎರಡು ತಿಂಗಳು ಯೋಗ ಬಿಟ್ಟುಹೋಯಿತು ಅಂತ ಅಳುತ್ತಿದ್ದೆ. ಅತ್ತೆಗಿಂತ ನನ್ನ ಚಾಪೆಯ ಚಿಂತೆಯೇ ಜಾಸ್ತಿಯಾಗಿತ್ತು ಅನ್ನಲು ಈಗ ನಾಚಿಕೆಯಾಗುತ್ತದೆ.

ಆಮೇಲೆ ಸುಮ್ನೆ ಅವರ ಮಂಚದ ಪಕ್ಕವೇ ಮಲಗಿ, ಗೋಡೆಗೆ ಕಾಲು ಕೊಡಲು ಶುರುಮಾಡಿದೆ. ಹತ್ತು ನಿಮಿಷ. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಹೊರಗಿನದು ಉದ್ದ. ಅತ್ತೆ ತೊದಲುತ್ತಾ, "ಎಂಥ ಮಾರಾಯ್ತಿ ಅದು, ಗೋಡೆ ಬೀಳಿಸ್ತೀಯಾ?" ಅಂದರು. ಲಕ್ವ ಹೊಡೆದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು. ಒಂದು ವಾರ ಕಳೆದ ಮೇಲೆ ನೋಡುತ್ತೇನೆ, ಅವರೂ ನನ್ನ ಜೊತೆ ಎಣಿಸುತ್ತಿದ್ದಾರೆ. ಐದು ಆದ ಮೇಲೆ ಆರು ಮರೆತು ಮತ್ತೆ ಮೂರಕ್ಕೆ ಬರುತ್ತಿದ್ದರು.

ಅವರನ್ನು ಎತ್ತಿ ಕೂರಿಸುವಾಗ ಬೆನ್ನು ಬಗ್ಗಿಸದೆ ಮಂಡಿ, ಸೊಂಟ ಮಡಚಿ ಕಾಲಿನ ಬಲದಲ್ಲಿ ಎತ್ತುತ್ತಿದ್ದೆ. ಕುರ್ಚಿಯಲ್ಲಿ ಕೂತವರ ಹಾಗೆ ಮಂಡಿ ಮಡಚಿ ನಿಲ್ಲುವ ಉತ್ಕಟಾಸನ ಇದಕ್ಕೇ ಇರುವುದೇನೋ ಅನ್ನಿಸುತ್ತಿತ್ತು. ಮೂರು ವರ್ಷದಲ್ಲಿ ನನ್ನ ಬೆನ್ನು ಹಿಡಿಯಲಿಲ್ಲ.

ಕೋಪ ಮಾತ್ರ ಬರುತ್ತಿತ್ತು. ಯೋಗ ಮಾಡುವವರಿಗೆ ಕೋಪ ಬರಲ್ಲ ಅನ್ನುವುದು ದೊಡ್ಡ ಸುಳ್ಳು. ನಮ್ಮ ಮನೆಯವರನ್ನು ಬೇಕಾದರೆ ಕೇಳಿ. ಆದರೆ ಅದು ಬರುವ ಸುಳಿವು ಸ್ವಲ್ಪ ಮೊದಲೇ ಸಿಗುತ್ತಿತ್ತು. ದವಡೆ ಬಿಗಿಯಾಗುವುದು, ಉಸಿರು ಎದೆಯ ಮೇಲ್ಗಡೆಯೇ ನಿಲ್ಲುವುದು. ಗಂಜಿ ಬಟ್ಟಲನ್ನು ಕೆಳಗಿಟ್ಟು ಅಡುಗೆಮನೆಗೆ ಹೋಗುವಷ್ಟು ಸಮಯ. ಒಂದು ದಿನ ಆ ಸಮಯವೂ ಸಿಗಲಿಲ್ಲ, ಬಟ್ಟಲು ಗೋಡೆಗೆ ಹೋಯಿತು. ಕಲೆ ಬಹಳ ದಿನ ಇತ್ತು.

ಉಳಿದ ಬದಲಾವಣೆಗಳು ಎಲ್ಲರ ಮನೆಯವೇ. ಬಸುರಿಯಾಗಿದ್ದಾಗ ಬೋರಲು ಮಲಗುವ ಆಸನ ಬಿಟ್ಟೆ. ಮುಟ್ಟು ನಿಲ್ಲುವ ಕಾಲದಲ್ಲಿ ರಾತ್ರಿ ಬೆವರಿ ಎದ್ದಾಗ ಕಿಟಕಿ ತೆಗೆದು ಶವಾಸನ. ಬಿಪಿ ಬಂದ ಮೇಲೆ ಶೀರ್ಷಾಸನಕ್ಕೂ ಉಸಿರು ಹಿಡಿದಿಡುವ ಕುಂಭಕಕ್ಕೂ ಕೈಮುಗಿದೆ. ಅಪ್ಪ ತೀರಿಕೊಂಡದ್ದು ಅಡಿಕೆ ಕೊಯ್ಲಿನ ನಡುವೆ. ಆ ತಿಂಗಳು ಊರಿನ ಮನೆಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದದ್ದು ಬಿಟ್ಟರೆ ಬೇರೆ ಯಾವ ಆಸನವನ್ನೂ ಹಾಕಲಿಲ್ಲ. ನಾನು ಯೋಗ ಮಾಡುವುದನ್ನು ಕಂಡಾಗೆಲ್ಲ, "ತೋಟಕ್ಕೆ ಬಾ, ಸೊಪ್ಪು ಹೊರು, ಎಲ್ಲಾ ಆಸನವೂ ಆಗ್ತದೆ" ಅನ್ನುತ್ತಿದ್ದರು ಅಪ್ಪ.

ಈಗ ನನ್ನ ಅಭ್ಯಾಸ ನೋಡಿದರೆ ನೀವು ನಗುತ್ತೀರಿ. ಒಂದು ಕುರ್ಚಿ, ಒಂದು ಹಗ್ಗ, ಅಜ್ಜಿಯ ಕಾಲದ ಊಟದ ಮಣೆ. ಮಣೆಯ ಮೇಲೆ ಕೂತರೆ ಸೊಂಟ ಮಂಡಿಗಿಂತ ಮೇಲಿರುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕುರ್ಚಿ, ಹಗ್ಗ, ಇಟ್ಟಿಗೆ ಎಲ್ಲ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರ ದಾರಿ. ಚಿಕ್ಕಂದಿನಲ್ಲಿ ಕಾಯಿಲೆಗಳಲ್ಲೇ ಬೆಳೆದವರು ಅವರು. ಬಾಗದ ಮೈಗೆ ಏನು ಬೇಕು ಅಂತ ಅವರಿಗೆ ಗೊತ್ತಿತ್ತು.

ಇನ್ನು ಮಳೆಗಾಲ. ಮಲೆನಾಡಿನಲ್ಲಿ ಯೋಗ ಮಾಡುವವರ ದೊಡ್ಡ ಶತ್ರು ಮಂಡಿನೋವಲ್ಲ, ಬೂಷ್ಟು. ಆಷಾಢದಲ್ಲಿ ಮ್ಯಾಟ್ ಸುತ್ತಿಟ್ಟರೆ ನಾಲ್ಕು ದಿನಕ್ಕೆ ಹಸಿರು ಗಡ್ಡ. ನಾನು ಅದನ್ನು ಬಿಟ್ಟು ಜಮಖಾನಕ್ಕೆ ಬಂದೆ. ಅದನ್ನು ಬಚ್ಚಲೊಲೆಯ ಹತ್ತಿರ ಒಣಗಿಸುತ್ತೇನೆ. ಹಾಗಾಗಿ ನನ್ನ ಪ್ರಾಣಾಯಾಮಕ್ಕೆ ಹೊಗೆ ವಾಸನೆ.

ಮೊನ್ನೆ ಪಕ್ಕದ ಮನೆಯ ಅಕ್ಕ ಅದೇ ಪ್ರಶ್ನೆ ಕೇಳಿದರು. ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿ, "ಕಲಿಬಹುದಿತ್ತು. ಆದ್ರೆ ನಂಗೆ ಕಾಲು ಮಡಚಲಿಕ್ಕೇ ಬರಲ್ಲ" ಅಂದರು.

"ನಂಗೂ ಬರಲ್ಲ, ಬನ್ನಿ ಅಕ್ಕಾ" ಅಂದು ಮಣೆಯನ್ನು ಅವರಿಗೆ ಕೊಟ್ಟು ನಾನು ಕುರ್ಚಿ ಎಳೆದುಕೊಂಡೆ.