ಕೋಲಾರ–ಮುಳಬಾಗಿಲು–ಕೋಟಿಲಿಂಗ ಸುತ್ತು: ನೀವು ಎಳೆದ ದಾರಿ ಫೋನಿನಲ್ಲೂ ಉಳಿಯಬೇಕಾದರೆ

ಕೋಲಾರದಿಂದ ಹೊರಟು ಆವಣಿ, ಮುಳಬಾಗಿಲು, ಕುರುಡುಮಲೆ, ಬೇತಮಂಗಲ, ಕೋಟಿಲಿಂಗೇಶ್ವರ ದೇವಸ್ಥಾನವಿರುವ ಕಮ್ಮಸಂದ್ರ ಮುಗಿಸಿ ಬಂಗಾರಪೇಟೆ ಮೇಲೆ ವಾಪಸಾಗುವ ಸುತ್ತನ್ನು ಹಿಂದಿನ ರಾತ್ರಿ ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಚೆನ್ನಾಗಿಯೇ ಜೋಡಿಸಬಹುದು. ನೀಲಿ ಗೆರೆಯನ್ನು ಮೌಸಿನಲ್ಲಿ ಹಿಡಿದು ಬೇಕಾದ ಹಳ್ಳಿ ರಸ್ತೆಗೆ ಎಳೆದರೆ ಅಲ್ಲೇ ಕೂರುತ್ತದೆ. ಬೆಳಿಗ್ಗೆ ಅದನ್ನೇ ಫೋನಿಗೆ ಕಳಿಸಿ ‘ಸ್ಟಾರ್ಟ್’ ಒತ್ತಿದಾಗ ಎಳೆದದ್ದೆಲ್ಲ ಬಿಟ್ಟುಹೋಗಿ ದಾರಿ ಮತ್ತೆ ಹೆದ್ದಾರಿಗೆ ಬಂದಿರುತ್ತದೆ. ಫೋನು ಕೆಟ್ಟಿಲ್ಲ, ನೆಟ್‌ವರ್ಕೂ ಕಾರಣವಲ್ಲ. ಫೋನು ನೆಚ್ಚಿಕೊಳ್ಳುವುದು ಗೆರೆಯನ್ನಲ್ಲ, ನಿಲುಗಡೆಗಳನ್ನು. ಎರಡು ನಿಲುಗಡೆಗಳ ನಡುವಿನ ದಾರಿಯನ್ನು ಆ ಹೊತ್ತಿನ ಟ್ರಾಫಿಕ್ ನೋಡಿ ಹೊಸದಾಗಿ ಲೆಕ್ಕ ಹಾಕುತ್ತದೆ.

ಹಾಗಾಗಿ ಗೆರೆ ಎಳೆಯುವುದನ್ನು ಬಿಡಿ. ಎಲ್ಲಿ ದಾರಿ ಬಗ್ಗಬೇಕೋ ಅಲ್ಲಿ ‘ಆ್ಯಡ್ ಸ್ಟಾಪ್’ ಕೊಟ್ಟು ಒಂದು ನಿಲುಗಡೆಯನ್ನೇ ಇಡಿ. ಹೊರಡುವ ಜಾಗ ಬಿಟ್ಟು ಒಂಬತ್ತು ಸಿಗುತ್ತವೆ. ಈ ಸುತ್ತಿಗೆ ಅಷ್ಟೂ ಬೇಕಾಗುತ್ತವೆ, ಆದರೆ ಒಂದೇ ದಾರಿಯಲ್ಲಿ ತುರುಕಬೇಡಿ. ಕೋಲಾರದಿಂದ ಕುರುಡುಮಲೆ ಒಂದು, ಕುರುಡುಮಲೆಯಿಂದ ಕಮ್ಮಸಂದ್ರ ಇನ್ನೊಂದು, ಅಲ್ಲಿಂದ ಮನೆಗೆ ಮತ್ತೊಂದು ಎಂದು ಮೂರು ಲಿಂಕ್ ಮಾಡಿ ವಾಟ್ಸ್‌ಆ್ಯಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಒಂದು ತುಂಡು ಕೆಟ್ಟರೂ ಉಳಿದೆರಡು ಹಾಗೇ ಇರುತ್ತವೆ.

ಪಿನ್ ಎಲ್ಲಿ ಊರಬೇಕು ಎನ್ನುವುದರಲ್ಲೇ ಹೆಚ್ಚಿನವರು ಸೋಲುವುದು. ಕೋಲಾರದಿಂದ ಮುಳಬಾಗಿಲಿಗೆ ಹೋಗುವಾಗ ಆವಣಿಗೆ ಹೆದ್ದಾರಿ 75ರಿಂದ ಬಲಕ್ಕೆ ತಿರುಗಬೇಕು. ನಡುವೆ ಡಿವೈಡರ್ ಇದೆ. ತಿರುವಿನ ಹತ್ತಿರವೇ ಪಿನ್ ಇಟ್ಟಿರೆಂದುಕೊಳ್ಳಿ, ಬೆರಳು ಒಂದಿಷ್ಟು ಜರುಗಿದರೆ ಅದು ಎದುರಿನ ಲೇನಿಗೋ ಸರ್ವಿಸ್ ರಸ್ತೆಗೋ ಅಂಟಿಕೊಳ್ಳುತ್ತದೆ. ಆ್ಯಪಿಗೆ ಆ ಲೇನನ್ನೇ ಮುಟ್ಟಬೇಕು. ಅದಕ್ಕಾಗಿ ಮುಂದಿನ ಯೂ-ಟರ್ನ್ ತನಕ ಕರೆದೊಯ್ದು ವಾಪಸ್ ತಂದು, ಮತ್ತೆ ತಿರುಗು ಎನ್ನುತ್ತದೆ. ತಿರುವಿನಲ್ಲಿ ಪಿನ್ ಇಡಲೇಬೇಡಿ. ಆವಣಿ ರಸ್ತೆಯಲ್ಲಿ ಇನ್ನೂರು ಮುನ್ನೂರು ಮೀಟರ್ ಒಳಗೆ, ಮ್ಯಾಪನ್ನು ಪೂರ್ತಿ ಹಿಗ್ಗಿಸಿ, ರಸ್ತೆಯ ಪಟ್ಟಿಯ ನಡುಮಧ್ಯಕ್ಕೆ ಒತ್ತಿ ಹಿಡಿಯಿರಿ. ಕೋಲಾರದ ಪಕ್ಕದ ಅಂತರಗಂಗೆ ಬೆಟ್ಟಕ್ಕೆ ಹೋಗುವುದಾದರೂ ಇದೇ ಮಾತು. ಗುಡ್ಡದ ಮೇಲಿನ ಗುಹೆಗೆ ಪಿನ್ ಇಟ್ಟರೆ ಆ್ಯಪ್ ಅದಕ್ಕೆ ಹತ್ತಿರವಾದ ರಸ್ತೆಗೆ ಒಯ್ಯುತ್ತದೆ, ಅದು ಮೆಟ್ಟಿಲಿನ ಕಡೆಯದೇ ಆಗಿರಬೇಕೆಂದಿಲ್ಲ. ಕೆಳಗಿನ ಪಾರ್ಕಿಂಗಿಗೆ ಪಿನ್ ಇಡಿ.

ಮುಳಬಾಗಿಲಿನ ವಿಷಯ ಬೇರೆ. ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಸಾಗುವುದರಿಂದ, ಊರೊಳಗೆ ನಿಲುಗಡೆ ಇಡದಿದ್ದರೆ ಆ್ಯಪ್ ಹೊರಗಿನಿಂದಲೇ ದಾಟಿಸಿಬಿಡುತ್ತದೆ. ಅಲ್ಲಿಗೆ ಮುಳಬಾಗಿಲು ದೋಸೆ ತಪ್ಪಿತು, ಹಾಗೆ ಮಾತ್ರ ಆಗಬಾರದು. ತೆಳ್ಳಗೆ ಗರಿಗರಿಯಾಗಿ ಸುರುಳಿ ಸುತ್ತುವ ದೋಸೆಯಲ್ಲ ಇದು. ಹಿಟ್ಟು ದಪ್ಪಗೆ ಬೀಳುತ್ತದೆ, ಮೇಲೆ ತುಪ್ಪ ಧಾರಾಳ, ಒಂದೇ ಮಗ್ಗುಲು ಬೇಯುತ್ತದೆ. ತಳ ಕೆಂಪಗೆ ಗರಿಯಾಗಿ, ಮೇಲ್ಭಾಗ ಹತ್ತಿಯಂತೆ ಮೆತ್ತಗೆ. ಒಳಗೆ ಖಾರದ ಕೆಂಪು ಚಟ್ನಿ ಸವರಿ ಆಲೂಗಡ್ಡೆ ಪಲ್ಯ ಇಟ್ಟು ಮಡಚುತ್ತಾರೆ. ಒಂದರಲ್ಲೇ ಹೊಟ್ಟೆ ತುಂಬುತ್ತದೆ, ಬೆಂಗಳೂರಿನಲ್ಲಿ ಇದೇ ಹೆಸರಿನಲ್ಲಿ ಕೊಡುವುದಕ್ಕಿಂತ ಅಗ್ಗವೂ ಹೌದು. ದೊಡ್ಡ ಬೋರ್ಡಿನ ಹೆದ್ದಾರಿ ಹೋಟೆಲುಗಳನ್ನು ಬಿಟ್ಟು ಊರೊಳಗಿನ ಸಣ್ಣ ಹೋಟೆಲಿಗೆ ಹೋಗಿ, ಬೆಳಿಗ್ಗೆಯೇ ಹೋಗಿ, ಬೆಂಚಿಗಾಗಿ ನಿಂತು ಕಾಯಬೇಕಾದರೂ ಕಾಯಿರಿ. ಗಲ್ಲಿಗಳು ಕಿರಿದು. ಕಾರಿನವರು ಪಿನ್ ಅನ್ನು ಹೋಟೆಲಿಗೆ ಇಡದೆ ಬಸ್ ನಿಲ್ದಾಣದ ಹತ್ತಿರ ಇಟ್ಟು ಅಲ್ಲಿಂದ ನಡೆದುಬಿಡುವುದು ಮೇಲು.

ಇಲ್ಲೇ ಇನ್ನೊಂದು ತೊಡಕು. ಗಾಡಿಯನ್ನು ಪಿನ್ನಿನಿಂದ ದೂರ ನಿಲ್ಲಿಸಿದರೆ ಆ್ಯಪಿನ ಲೆಕ್ಕದಲ್ಲಿ ನೀವು ಆ ನಿಲುಗಡೆ ಮುಟ್ಟಿಯೇ ಇಲ್ಲ. ದೋಸೆ ತಿಂದು ಕುರುಡುಮಲೆ ಕಡೆ ಹತ್ತು ಕಿಲೋಮೀಟರ್ ಹೊರಟರೂ ‘ಹಿಂದಕ್ಕೆ ತಿರುಗಿ’ ಎಂದು ಹೇಳುತ್ತಲೇ ಇರುತ್ತದೆ. ಗಾಡಿಯನ್ನು ಬದಿಗೆ ಹಾಕಿ ಕೆಳಗಿನ ಪಟ್ಟಿಯನ್ನು ಮೇಲಕ್ಕೆ ಎಳೆದು ಆ ನಿಲುಗಡೆಯನ್ನು ಅಳಿಸಿ. ಪಿನ್ ಮುಟ್ಟಿದ್ದರೂ ‘ಕಂಟಿನ್ಯೂ’ ಒತ್ತುವುದನ್ನು ಮರೆಯಬೇಡಿ.

ಕಮ್ಮಸಂದ್ರ ಎಂದಷ್ಟೇ ಹುಡುಕಿದರೆ ಬೆಂಗಳೂರಿನ ಹೆಬ್ಬಗೋಡಿ ಪಕ್ಕದ ಕಮ್ಮಸಂದ್ರವೂ ಬರುತ್ತದೆ. ನಿಲುಗಡೆಗಳ ಪಟ್ಟಿಯಲ್ಲಿ ಬರೀ ಹೆಸರು ಕಾಣುವುದರಿಂದ ತಪ್ಪು ಗೊತ್ತಾಗುವುದು ಒಟ್ಟು ದೂರ ನೋಡಿದಾಗಲೇ. ‘ಕೋಟಿಲಿಂಗೇಶ್ವರ’ ಎಂದು ಹುಡುಕಿ. ಆವಣಿಗೂ ‘ರಾಮಲಿಂಗೇಶ್ವರ ದೇವಸ್ಥಾನ’ ಸೇರಿಸಿ, ಇಲ್ಲವಾದರೆ ಅದೇ ಹೆಸರಿನ ಅಪಾರ್ಟ್‌ಮೆಂಟು, ಬಟ್ಟೆ ಅಂಗಡಿ ಎಲ್ಲ ಬರುತ್ತವೆ. ಭಾನುವಾರ ಕೋಟಿಲಿಂಗದಲ್ಲಿ ಜಾತ್ರೆಯಂಥ ಜನ. ಗದ್ದಲ ಆಗದವರು ಆ ನಿಲುಗಡೆ ಬಿಟ್ಟು ಆವಣಿಯಲ್ಲಿ ಹೆಚ್ಚು ಹೊತ್ತು ಕಳೆಯಿರಿ. ನೊಳಂಬರ ಕಾಲದ ಆ ಗುಡಿಗಳ ಅಂಗಳದಲ್ಲಿ ಕೂರಲು ನೆಮ್ಮದಿಯಿದೆ.

ಹೊರಡುವ ಮುಂಚೆ ಸೆಟ್ಟಿಂಗ್ಸ್ ನೋಡಿ. ಹಿಂದಿನ ಸಲ ‘ಅವಾಯ್ಡ್ ಟೋಲ್ಸ್’ ಒತ್ತಿದ್ದು ಹಾಗೇ ಉಳಿದಿದ್ದರೆ ಟೋಲ್ ತಪ್ಪಿಸಲು ಹಳ್ಳಿಹಳ್ಳಿ ಸುತ್ತಿಸುತ್ತದೆ. ಇಂಧನ ಉಳಿಸುವ ದಾರಿಯ ಆಯ್ಕೆಯನ್ನೂ ಆಫ್ ಮಾಡಿ. ಕಾರಿನಲ್ಲಿ ಕೂತು ಬೈಕ್ ಗುರುತು ಒತ್ತಿದ್ದರೆ ಎರಡು ಗೋಡೆಗಳ ನಡುವಿನ ಓಣಿಗೂ ಕರೆದೊಯ್ಯಬಹುದು. ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಆದರೆ ಅದರಲ್ಲಿ ಟ್ರಾಫಿಕ್ಕೂ ಇಲ್ಲ, ಪರ್ಯಾಯ ದಾರಿಯೂ ಇಲ್ಲ.

ಗೂಗಲಿನ ‘ಮೈ ಮ್ಯಾಪ್ಸ್’ನಲ್ಲಿ ದಾರಿ ಬರೆದವರಿಗೆ ಒಂದು ಮಾತು: ಅದು ಫೋನಿನಲ್ಲಿ ಚಿತ್ರವಾಗಿ ಕಾಣುತ್ತದೆಯೇ ಹೊರತು ತಿರುವು ತಿರುವಿಗೂ ಹೇಳಿ ನಡೆಸುವುದಿಲ್ಲ. ಎಳೆದ ಗೆರೆಯ ಮೇಲೇ ಹೋಗಬೇಕು ಎನ್ನುವವರು ದಾರಿಯ ಗೆರೆಯನ್ನು ಹಿಡಿದಿಡುವ ಜಿಪಿಎಕ್ಸ್ ಫೈಲ್ ಮಾಡಿ, ಮತ್ತೊಂದು ಮ್ಯಾಪ್ ಆ್ಯಪ್ ಆದ ಓಸ್ಮ್‌ಆ್ಯಂಡ್‌ನಲ್ಲಿ ತೆರೆದು ‘ಫಾಲೋ ಟ್ರ್ಯಾಕ್’ ಕೊಡಿ. ಅದು ಗೆರೆಯನ್ನೇ ಹಿಡಿದು ಸಾಗುತ್ತದೆ.

ವಾಪಸ್ ಬರುವಾಗ ಕೊನೆಯ ನಿಲುಗಡೆ ಬೆಂಗಳೂರು ಆಗಿದ್ದರೆ ಬೇತಮಂಗಲದ ಕಡೆಯಿಂದ ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಎಳೆಯುತ್ತದೆ. ಬೈಕಿನವರಿಗೆ ಅಲ್ಲಿ ಪ್ರವೇಶವಿಲ್ಲ. ಕಾರಿನವರು ಒಮ್ಮೆ ಏರಿದರೆ ಮುಂದಿನ ಎಕ್ಸಿಟ್ ತನಕ ಇಳಿಯಲಾಗದು, ಬಂಗಾರಪೇಟೆ ಪಾನಿಪುರಿ ಕೈತಪ್ಪುತ್ತದೆ. ಬಂಗಾರಪೇಟೆ ಪೇಟೆಯೊಳಗೆ ಒಂದು ಪಿನ್ ಊರಿ, ಅದನ್ನು ಮುಟ್ಟಿದ ಮೇಲೆಯೇ ಬೆಂಗಳೂರಿನ ಲಿಂಕ್ ತೆರೆಯಿರಿ.